ಹಿತ್ತಿಲ ಬಾಗಿಲಿಗಾಗಿ ಆರು ವರ್ಷ: ಸಲ್ಯೂತ್ ನಿಲ್ದಾಣಗಳ ಕಥೆ

ಪ್ರಶ್ನೆ: ಎಂಟನೇ ತರಗತಿಯಲ್ಲಿ ಓದುವ ಮೊಮ್ಮಗಳಿಗೆ ರಾಕೇಶ್ ಶರ್ಮಾ ಅವರ ಕಥೆ ಹೇಳುತ್ತಿದ್ದೆ. 1984ರಲ್ಲಿ ಅವರು ಹೋಗಿ ಇದ್ದದ್ದು ಸಲ್ಯೂತ್-7 ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿ ಎಂದೆ. “ಹಾಗಾದ್ರೆ ಮೊದಲಿನ ಆರು ಎಲ್ಲಿ ಹೋದವು ಅಜ್ಜ? ಒಂದನ್ನೇ ರಿಪೇರಿ ಮಾಡಿ ಇಟ್ಕೊಳ್ಳಬಹುದಿತ್ತಲ್ಲ?” ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ದಯವಿಟ್ಟು ವಿವರವಾಗಿ ತಿಳಿಸಿ.
— ಓದುಗರೊಬ್ಬರು, ಸಾಗರ

ಉತ್ತರ: ನಿಮ್ಮ ಮೊಮ್ಮಗಳು ಕೇಳಿದ್ದು ಬಹಳ ಒಳ್ಳೆಯ ಪ್ರಶ್ನೆ. 1970ರ ದಶಕದಲ್ಲಿ ಸೋವಿಯತ್ ಎಂಜಿನಿಯರುಗಳು ತಲೆಕೆಡಿಸಿಕೊಂಡಿದ್ದೂ ಇದೇ ಪ್ರಶ್ನೆಗೆ. ಒಂದನ್ನೇ ಇಟ್ಟುಕೊಳ್ಳುವುದು ಹೇಗೆ? ಅದಕ್ಕೆ ಉತ್ತರ ಸಿಕ್ಕಿದ್ದು ಆರನೆಯ ಸಲ್ಯೂತ್‌ನಲ್ಲಿ.

ಮಗುವಿಗೆ ಮೊದಲು ಹೀಗೆ ಹೇಳಿ. ನಮ್ಮ ಕಡೆಯ ಹಳೆಯ ಮನೆಗಳಿಗೆ ಎರಡು ಬಾಗಿಲು. ನೆಂಟರು ಮುಂಬಾಗಿಲಿನಿಂದ ಬರುತ್ತಾರೆ. ಸೌದೆ, ನೀರು, ತರಕಾರಿ ಒಳಗೆ ಬರುವುದು, ಕಸ ಆಚೆಗೆ ಹೋಗುವುದು ಹಿತ್ತಿಲ ಬಾಗಿಲಿನಿಂದ. ಮೊದಲ ಐದು ಸಲ್ಯೂತ್‌ಗಳಿಗೆ ಇದ್ದದ್ದು ಒಂದೇ ಬಾಗಿಲು. ಅದಕ್ಕೆ ಗಗನಯಾತ್ರಿಗಳು ಬಂದ ನೌಕೆಯೇ ಅಂಟಿಕೊಂಡಿರುತ್ತಿತ್ತು. ಅವರು ಇರುವಷ್ಟು ದಿನ ಬೇರೆ ಯಾರೂ ಬರುವಂತಿಲ್ಲ, ಬೇರೆ ಏನೂ ತರುವಂತಿಲ್ಲ. ಹಾರಿಸುವ ದಿನ ಒಳಗೆ ಕಟ್ಟಿಟ್ಟ ಬುತ್ತಿ ಎಷ್ಟೋ ಅಷ್ಟೇ ಆ ಮನೆಯ ಆಯುಸ್ಸು. ಬುತ್ತಿ ಖಾಲಿಯಾದ ಮೇಲೆ ರಿಪೇರಿ ಮಾಡಿ ಪ್ರಯೋಜನವಿರಲಿಲ್ಲ. ಸಮುದ್ರದ ಮೇಲೆ ಕೆಡವಿ ಇನ್ನೊಂದನ್ನು ಹಾರಿಸಬೇಕಿತ್ತು.

ಇನ್ನೊಂದು ಗುಟ್ಟೂ ಇದೆ. ಸಲ್ಯೂತ್-7 ಹೆಸರಿಗೆ ಏಳನೆಯದು. ನಿಜವಾಗಿ ಎಣಿಸಿದರೆ ಒಂಬತ್ತನೆಯದು. ಎರಡನ್ನು ಲೆಕ್ಕದಿಂದಲೇ ತೆಗೆದುಹಾಕಿದ್ದರು. ಆ ಏಳರಲ್ಲೂ ಮೂರು ಬೇರೆಯೇ ಮನೆತನದವು.

ಎರಡು ಮನೆತನ ಎಂದೆನಲ್ಲ, ಕಥೆ ಅಲ್ಲಿಂದಲೇ ಶುರುವಾಗಬೇಕು. 1960ರ ದಶಕದ ಸೋವಿಯತ್ ಒಕ್ಕೂಟದಲ್ಲಿ ಬಾಹ್ಯಾಕಾಶದ ಕೆಲಸ ಮಾಡುವ ದೊಡ್ಡ ವಿನ್ಯಾಸ ಸಂಸ್ಥೆಗಳು ಒಂದರ ಮುಖ ಒಂದು ನೋಡುತ್ತಿರಲಿಲ್ಲ. ಒಂದು, ಸ್ಪುಟ್ನಿಕ್ ಮತ್ತು ಗಗಾರಿನ್ ಅವರನ್ನು ಹಾರಿಸಿದ ಸೆರ್ಗೇಯ್ ಕೊರೊಲ್ಯೋವ್ ಅವರದು. ಇನ್ನೊಂದು ವ್ಲಾದಿಮಿರ್ ಚೆಲೊಮೇಯ್ ಅವರದು. ಚೆಲೊಮೇಯ್ 1964ರ ಹೊತ್ತಿಗೇ ‘ಅಲ್ಮಾಜ್’ ಎಂಬ ಮಿಲಿಟರಿ ನಿಲ್ದಾಣದ ಕನಸು ಕಂಡಿದ್ದರು. ಅಲ್ಮಾಜ್ ಎಂದರೆ ವಜ್ರ. ದೊಡ್ಡ ಕ್ಯಾಮೆರಾ ಹೊತ್ತ ಆ ನಿಲ್ದಾಣದಲ್ಲಿ ಸೈನಿಕ ಗಗನಯಾತ್ರಿಗಳು ಕೂತು ಶತ್ರುದೇಶದ ನೆಲವನ್ನು ಗಮನಿಸುವುದು ಉದ್ದೇಶ. ಸಾಮಾನು ತರುವ ದೊಡ್ಡ ನೌಕೆಯೊಂದನ್ನೂ ಅವರು ಆಗಲೇ ಯೋಜಿಸಿದ್ದರು. ಈ ದೂರದೃಷ್ಟಿಗೆ ಚೆಲೊಮೇಯ್ ಅವರಿಗೆ ಸಲ್ಲಬೇಕಾದಷ್ಟು ಮನ್ನಣೆ ಸಿಕ್ಕಿಲ್ಲ ಎಂದು ನನ್ನ ಭಾವನೆ.

1969ರ ಜುಲೈನಲ್ಲಿ ಅಮೆರಿಕನ್ನರು ಚಂದ್ರನ ಮೇಲಿಳಿದರು. ಸೋವಿಯತ್ ಚಂದ್ರ ರಾಕೆಟ್ ಹಾರಿದ ಎರಡು ಸಲವೂ ಸ್ಫೋಟಗೊಂಡಿತ್ತು. ಕೊರೊಲ್ಯೋವ್ 1966ರ ಜನವರಿಯಲ್ಲೇ ತೀರಿಕೊಂಡಿದ್ದರು. ಅವರ ಜಾಗದಲ್ಲಿದ್ದ ವಸೀಲಿ ಮಿಶಿನ್ ಇನ್ನೂ ಚಂದ್ರನ ಕಡೆಗೇ ಮುಖ ಮಾಡಿದ್ದರು. ಆಗ ಅವರದೇ ಸಂಸ್ಥೆಯ ಕೆಲವು ಹಿರಿಯರಿಗೆ, ಮುಖ್ಯವಾಗಿ ಬೊರಿಸ್ ಚೆರ್ತೋಕ್ ಮತ್ತು ಕೊನ್‌ಸ್ತಾಂತಿನ್ ಫಿಯೊಕ್ತಿಸ್ತೊವ್ ಅವರಿಗೆ, ಒಂದು ಯೋಚನೆ ಬಂತು. ಚೆಲೊಮೇಯ್ ಅವರ ಅಲ್ಮಾಜ್‌ನ ಲೋಹದ ಒಡಲು ತಯಾರಾಗಿದೆ, ಒಳಗೆ ಕೂರಿಸಬೇಕಾದ ಯಂತ್ರಗಳು ತಯಾರಾಗಿಲ್ಲ. ತಮ್ಮ ಸೊಯುಜ್ ನೌಕೆಯ ಯಂತ್ರಗಳು ಈಗಾಗಲೇ ಹಾರಿ ಪಳಗಿವೆ. ಅವರ ಒಡಲಿಗೆ ನಮ್ಮ ಯಂತ್ರ ಕೂರಿಸಿದರೆ ಅಮೆರಿಕದ ಸ್ಕೈಲ್ಯಾಬ್‌ಗಿಂತ ಮೊದಲೇ ನಿಲ್ದಾಣ ಹಾರಿಸಬಹುದು! 1969ರ ಡಿಸೆಂಬರ್‌ನಲ್ಲಿ ಅವರು ಇಬ್ಬರು ಮುಖ್ಯಸ್ಥರನ್ನೂ ದಾಟಿ ನೇರವಾಗಿ ಪಕ್ಷದ ನಾಯಕ ದ್ಮಿತ್ರಿ ಉಸ್ತಿನೊವ್ ಅವರ ಬಳಿ ಹೋದರು. 1970ರ ಫೆಬ್ರುವರಿಯಲ್ಲಿ ಸರ್ಕಾರದ ಆದೇಶ ಬಂತು. ಚೆಲೊಮೇಯ್ ಮನಸ್ಸಿಲ್ಲದ ಮನಸ್ಸಿನಿಂದ ಒಡಲುಗಳನ್ನು ಬಿಟ್ಟುಕೊಟ್ಟರು.

ಆದೇಶದಿಂದ ಹಾರಾಟಕ್ಕೆ ಸುಮಾರು ಹದಿನಾಲ್ಕೇ ತಿಂಗಳು. ಕೈಗೆ ಸಿಕ್ಕ ಭಾಗಗಳಿಂದ ಇಷ್ಟು ಬೇಗ ಜೋಡಿಸಿದ್ದರಿಂದಲೇ ಅದಕ್ಕೆ ಒಂದೇ ಬಾಗಿಲು. ಮುಂದೆ ಸೊಯುಜ್ ಬಂದು ಸೇರುವ ಕಿಂಡಿ. ಹಿಂದೆ ಸೊಯುಜ್‌ನಿಂದಲೇ ತಂದ ಎಂಜಿನ್, ಸರಿಯಾಗಿ ನಡುಮಧ್ಯದಲ್ಲಿ. ಹಿಂದುಗಡೆ ಬಾಗಿಲು ಇಡಬೇಕೆಂದರೆ ಎಂಜಿನ್ನನ್ನೇ ಕಿತ್ತು ಬೇರೆ ಕಡೆ ಇಡಬೇಕು. ಅದಕ್ಕೆಲ್ಲ ಆಗ ಪುರುಸೊತ್ತಿರಲಿಲ್ಲ.

1971ರ ಏಪ್ರಿಲ್ 19ರಂದು ಕಜಾಕಸ್ತಾನದ ಬೈಕೊನೂರಿನಿಂದ ಪ್ರೋಟಾನ್ ರಾಕೆಟ್ ಅದನ್ನು ಕಕ್ಷೆಗೆ ಒಯ್ದಿತು. ಜಗತ್ತಿನ ಮೊದಲ ಬಾಹ್ಯಾಕಾಶ ನಿಲ್ದಾಣ. ತೂಕ ಹದಿನೆಂಟು ಟನ್‌ಗೂ ಹೆಚ್ಚು, ಉದ್ದ ಸುಮಾರು 15 ಮೀಟರ್, ಅತಿ ದಪ್ಪನೆಯ ಭಾಗದ ವ್ಯಾಸ 4.15 ಮೀಟರ್. ಈ 4.15 ಎಂಬ ಅಳತೆಯನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ತೂಕವಿಲ್ಲದ ಜಾಗದಲ್ಲಿ ಮೇಲು ಕೆಳಗು ತಿಳಿಯಲಿ ಎಂದು ಒಳಗೋಡೆಗಳಿಗೆ ಬೇರೆ ಬೇರೆ ಬಣ್ಣ ಬಳಿದಿದ್ದರು. ಓಡುವ ಪಟ್ಟಿ, ಅಂದರೆ ಟ್ರೆಡ್‌ಮಿಲ್ ಇತ್ತು. ಅದು ಬಹಳ ಮುಖ್ಯ, ಏಕೆಂದರೆ ಅದರ ಹಿಂದಿನ ವರ್ಷ ಸೊಯುಜ್-9ರಲ್ಲಿ ಹದಿನೆಂಟು ದಿನ ಕಳೆದು ಬಂದ ಇಬ್ಬರಿಗೆ ಭೂಮಿಯ ಮೇಲೆ ಸರಿಯಾಗಿ ನಿಲ್ಲಲೂ ಆಗಿರಲಿಲ್ಲ. ಚಿಕ್ಕ ಗಾಜಿನ ಪೆಟ್ಟಿಗೆಯ ತೋಟವೊಂದರಲ್ಲಿ ಅಗಸೆ ಗಿಡಗಳನ್ನು ಬೆಳೆಸುವ ಏರ್ಪಾಡೂ ಇತ್ತು. ನಮ್ಮ ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು 2025ರಲ್ಲಿ ಶುಭಾಂಶು ಶುಕ್ಲಾ ಅವರ ಕೈಯಲ್ಲಿ ಹೆಸರುಕಾಳು, ಮೆಂತ್ಯ ಕಳಿಸಿ ಮೊಳಕೆ ಕಟ್ಟಿಸಿದರಲ್ಲ, ಆ ಪರಂಪರೆ ಈ ಅಗಸೆ ಗಿಡಗಳಿಂದ ಬಂದದ್ದು.

ನಿಲ್ದಾಣದ ಮೈಮೇಲೆ ಮೊದಲು ಬರೆದಿದ್ದ ಹೆಸರು ಸಲ್ಯೂತ್ ಅಲ್ಲ, ‘ಜರ್ಯಾ’. ಜರ್ಯಾ ಎಂದರೆ ಅರುಣೋದಯ. ನೆಲದ ನಿಯಂತ್ರಣ ಕೇಂದ್ರವನ್ನು ರೇಡಿಯೋದಲ್ಲಿ ಕರೆಯುವ ಹೆಸರೂ ಅದೇ ಆಗಿದ್ದರಿಂದ ಗೊಂದಲವಾದೀತೆಂದು ಕೊನೆ ಗಳಿಗೆಯಲ್ಲಿ ಬದಲಾಯಿಸಿದರು. ಗಗಾರಿನ್ ಹಾರಾಟಕ್ಕೆ ಹತ್ತು ವರ್ಷ ತುಂಬಿದ ಏಪ್ರಿಲ್ ಅದು. ಅದಕ್ಕೆ ಸಲ್ಯೂತ್, ಅಂದರೆ ವಂದನೆ.

ಹಾರಿಸಿದ್ದಾಯಿತು, ಒಳಗೆ ಹೋಗುವುದು ಹೇಗೆ? ಕಕ್ಷೆಯಲ್ಲಿ ಗಂಟೆಗೆ ಸುಮಾರು 28,000 ಕಿ.ಮೀ. ವೇಗದಲ್ಲಿ ಹೋಗುವ ಎರಡು ವಸ್ತುಗಳು ಒಂದನ್ನೊಂದು ಹುಡುಕಿ, ಆಮೆಯ ವೇಗದಲ್ಲಿ ಹತ್ತಿರ ಸರಿದು, ಗಾಳಿ ಸೋರದಂತೆ ಬಿಗಿಯಬೇಕು. ಬರುವ ನೌಕೆಯ ಮೂತಿಯಲ್ಲಿ ಒಂದು ಕೋಲು, ನಿಲ್ದಾಣದ ಕಡೆ ಒಂದು ಲಾಳಿಕೆ. ಕೋಲು ಲಾಳಿಕೆಯೊಳಗೆ ಜಾರಿ ತುದಿಯಲ್ಲಿ ಸಿಕ್ಕಿಕೊಂಡರೆ ಅರ್ಧ ಕೆಲಸ. ಆಮೇಲೆ ಕೋಲನ್ನು ಒಳಗೆಳೆದುಕೊಂಡು ಎರಡರ ಅಂಚುಗಳನ್ನು ಕೊಕ್ಕೆಗಳಿಂದ ಬಿಗಿದರೆ ಪೂರ್ತಿ ಕೆಲಸ. 1969ರ ಜನವರಿಯಲ್ಲಿ ಸೊಯುಜ್-4 ಮತ್ತು 5 ಹೀಗೆ ಕೂಡಿಕೊಂಡಾಗ ನಡುವೆ ದಾರಿಯೇ ಇರಲಿಲ್ಲ. ಇಬ್ಬರು ಗಗನಯಾತ್ರಿಗಳು ಹೊರಗೆ ಶೂನ್ಯಕ್ಕಿಳಿದು ಪಕ್ಕದ ನೌಕೆಗೆ ದಾಟಿದ್ದರು. ಸಲ್ಯೂತ್‌ಗಾಗಿ ಕೋಲು-ಲಾಳಿಕೆಗಳನ್ನು ತೆಗೆದು ಪಕ್ಕಕ್ಕಿಟ್ಟು ಒಳಗಿಂದಲೇ ತೆವಳಿ ಹೋಗುವ ಹೊಸ ಬಾಗಿಲು ಮಾಡಿದರು. ಇದು ಎಷ್ಟು ಕಷ್ಟದ ವಿದ್ಯೆ ಎಂದು ನಮಗೆ ಈಗ ಚೆನ್ನಾಗಿ ಅರ್ಥವಾಗುತ್ತದೆ. ಇಸ್ರೋ 2025ರ ಜನವರಿ 16ರಂದು ಸ್ಪೇಡೆಕ್ಸ್‌ನ ಎರಡು ಪುಟ್ಟ ಉಪಗ್ರಹಗಳನ್ನು ಕೂಡಿಸಿದಾಗ, ಈ ವಿದ್ಯೆ ಕೈವಶವಾದ ನಾಲ್ಕನೇ ದೇಶ ನಮ್ಮದಾಯಿತು.

ಹೊಸ ಬಾಗಿಲಿನ ಮೊದಲ ಪರೀಕ್ಷೆ ಸೋತಿತು. 1971ರ ಏಪ್ರಿಲ್‌ನಲ್ಲಿ ಹೋದ ಸೊಯುಜ್-10ರ ಕೋಲು ಲಾಳಿಕೆಗೆ ಸಿಕ್ಕಿತು, ಆದರೆ ಅಂಚುಗಳು ಕೂಡಲಿಲ್ಲ. ಐದೂವರೆ ಗಂಟೆ ಹೊಸ್ತಿಲಲ್ಲೇ ಅಂಟಿಕೊಂಡಿದ್ದು, ಬಿಡಿಸಿಕೊಳ್ಳಲೂ ಹೆಣಗಾಡಿ, ಮೂವರೂ ಒಳಗೆ ಕಾಲಿಡದೆ ಮರಳಿದರು.

ಮುಂದಿನ ತಂಡ ಸೊಯುಜ್-11. ಇದನ್ನು ಬರೆಯುವಾಗ ಪ್ರತಿ ಸಲವೂ ನನ್ನ ಕೈ ನಿಧಾನವಾಗುತ್ತದೆ. ಹೋಗಬೇಕಿದ್ದವರು ಅಲೆಕ್ಸೇಯ್ ಲಿಯೊನೊವ್, ವಲೇರಿ ಕುಬಾಸೊವ್, ಪ್ಯೊತ್ರ್ ಕೊಲೊದಿನ್. ಹಾರಾಟಕ್ಕೆ ಮೂರು ದಿನ ಇರುವಾಗ ಕುಬಾಸೊವ್ ಅವರ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಮೇಲೊಂದು ಕಲೆ ಕಂಡಿತು. ಕ್ಷಯವಿರಬಹುದೆಂದು ವೈದ್ಯರು ಮೂವರನ್ನೂ ತಡೆದು ಬದಲಿ ತಂಡವನ್ನು ಕಳಿಸಿದರು: ಗಿಯೊರ್ಗಿ ದೊಬ್ರೊವೊಲ್ಸ್ಕಿ, ವ್ಲಾದಿಸ್ಲಾವ್ ವೋಲ್ಕೊವ್, ವಿಕ್ತೊರ್ ಪತ್ಸಾಯೆವ್. ಕುಬಾಸೊವ್ ಅವರಿಗೆ ಇದ್ದದ್ದು ಅಲರ್ಜಿ ಎಂದು ಆಮೇಲೆ ತಿಳಿಯಿತು.

ಜೂನ್ 7ರಂದು ಆ ಮೂವರು ಸಲ್ಯೂತ್ ಒಳಗೆ ಹೋದರು. ನಿಲ್ದಾಣವೊಂದರಲ್ಲಿ ಮನುಷ್ಯರು ವಾಸ ಹೂಡಿದ್ದು ಅದೇ ಮೊದಲು. ಟಿ.ವಿ.ಯಲ್ಲಿ ಅವರನ್ನು ನೋಡುತ್ತ ಇಡೀ ದೇಶಕ್ಕೆ ಅವರು ಮನೆಮಕ್ಕಳಂತಾದರು. ಪತ್ಸಾಯೆವ್ ತಮ್ಮ 38ನೇ ಹುಟ್ಟುಹಬ್ಬವನ್ನು ಅಲ್ಲೇ ಆಚರಿಸಿಕೊಂಡರು. ಅರ್ಮೇನಿಯದ ಬ್ಯುರಾಕನ್ ವೀಕ್ಷಣಾಲಯದ ವಿಜ್ಞಾನಿ ಗ್ರಿಗೊರ್ ಗುರ್ಜದ್ಯಾನ್ ವಿನ್ಯಾಸ ಮಾಡಿದ ‘ಓರಿಯಾನ್’ ದೂರದರ್ಶಕದಿಂದ, ವಾಯುಮಂಡಲದ ಆಚೆ ನಿಂತು ನಕ್ಷತ್ರಗಳ ಬೆಳಕನ್ನು ಹಿಡಿದರು. ಒಂದು ದಿನ ಸುಟ್ಟ ವಾಸನೆ, ಹೊಗೆ ಬಂದು ನಿಲ್ದಾಣ ಬಿಟ್ಟು ಬರುವ ಹಂತಕ್ಕೂ ಹೋಗಿತ್ತು, ಹೇಗೋ ಸರಿಪಡಿಸಿಕೊಂಡರು. ಇಪ್ಪತ್ಮೂರು ದಿನಗಳ ನಂತರ, ಜೂನ್ 30ರ ನಸುಕಿನಲ್ಲಿ ಮರಳಿ ಬರುವಾಗ, ಸುಮಾರು 168 ಕಿ.ಮೀ. ಎತ್ತರದಲ್ಲಿ ನೌಕೆಯ ಭಾಗಗಳು ಬೇರ್ಪಟ್ಟ ಅದೇ ಕ್ಷಣ ಗಾಳಿಯ ಕವಾಟವೊಂದು ತೆರೆದುಕೊಂಡಿತು. ನೆಲ ಹತ್ತಿರವಾದಾಗ ಹೊರಗಾಳಿ ಒಳಬಿಡಲೆಂದು ಇಟ್ಟಿದ್ದ ಕವಾಟ ಅದು. ಎರಡು ನಿಮಿಷ ತುಂಬುವ ಮೊದಲೇ ಒಳಗಿನ ಗಾಳಿಯೆಲ್ಲ ಸೋರಿತು. ಮೂವರು ಕೂರುವಷ್ಟು ಇಕ್ಕಟ್ಟಾದ ಆ ನೌಕೆಯಲ್ಲಿ ಒತ್ತಡದ ಉಡುಪು ತೊಡಲು ಜಾಗವಿರಲಿಲ್ಲ, ಹಾಗಾಗಿ ಯಾರೂ ತೊಟ್ಟಿರಲಿಲ್ಲ. ಪ್ಯಾರಾಚೂಟ್ ಬಿಚ್ಚಿ ನೌಕೆ ಸರಿಯಾಗಿಯೇ ಇಳಿಯಿತು. ಬಾಗಿಲು ತೆರೆದವರಿಗೆ ಸಿಕ್ಕಿದ್ದು ಮೂರು ದೇಹಗಳು.

ಆಮೇಲೆ ಸೊಯುಜ್‌ನಲ್ಲಿ ಮೂರನೇ ಆಸನ ತೆಗೆದರು, ಇಬ್ಬರಿಗೂ ‘ಸೊಕೊಲ್’ ಎಂಬ ಒತ್ತಡದ ಉಡುಪು ಕಡ್ಡಾಯವಾಯಿತು. ಆ ಉಡುಪಿನ ಸುಧಾರಿತ ರೂಪವನ್ನೇ ಇಂದಿಗೂ ಸೊಯುಜ್ ಏರುವವರು ತೊಡುತ್ತಾರೆ. ಈ ಬದಲಾವಣೆಗಳಿಗೆ ಎರಡು ವರ್ಷ ಹಿಡಿಯಿತು. ಸಲ್ಯೂತ್-1ಕ್ಕೆ ಅಷ್ಟು ದಿನ ಕಾಯುವಷ್ಟು ಇಂಧನವಿರಲಿಲ್ಲ. ಅದರ ಕಕ್ಷೆ ಕೇವಲ ಇನ್ನೂರು ಕಿ.ಮೀ. ಆಸುಪಾಸಿನದು. ಅಲ್ಲೂ ತೆಳ್ಳನೆಯ ಗಾಳಿ ಇದೆ. ಅದು ಸದಾ ತಡೆಯುತ್ತ ನಿಲ್ದಾಣವನ್ನು ಕೆಳಗಿಳಿಸುತ್ತದೆ. ಆಗಾಗ ಎಂಜಿನ್ ಉರಿಸಿ ಮೇಲೆತ್ತದಿದ್ದರೆ ಬಿದ್ದೇ ಹೋಗುತ್ತದೆ. ಇಂಧನ ಮುಗಿಯುವ ಮೊದಲೇ, ಅಕ್ಟೋಬರ್ 11ರಂದು, ಬೇಕೆಂದೇ ಪೆಸಿಫಿಕ್ ಸಾಗರದ ಮೇಲೆ ಇಳಿಸಿ ಸುಟ್ಟರು. ಅದರ ಒಟ್ಟು ಬದುಕು 175 ದಿನ.

ಆಮೇಲಿನ ಎರಡು ವರ್ಷ ಸೋಲಿನ ಮೇಲೆ ಸೋಲು. 1972ರ ಜುಲೈನಲ್ಲಿ ಹಾರಿದ್ದು ರಾಕೆಟ್ ಕೈಕೊಟ್ಟು ಕಕ್ಷೆಯನ್ನೇ ತಲುಪಲಿಲ್ಲ. ಅದಕ್ಕೆ ಹೆಸರೂ ಇಡಲಿಲ್ಲ. 1973ರ ಏಪ್ರಿಲ್‌ನಲ್ಲಿ ಹಾರಿದ ಸಲ್ಯೂತ್-2 ನಿಜವಾಗಿ ಚೆಲೊಮೇಯ್ ಅವರ ಮೊದಲ ಅಲ್ಮಾಜ್. ಎರಡು ವಾರಗಳಲ್ಲಿ ಅದರ ಗಾಳಿ ಸೋರಿಹೋಯಿತು. ಮಿಲಿಟರಿ ನಿಲ್ದಾಣ ಎಂದು ತಿಳಿಯಬಾರದೆಂದೇ ಅದಕ್ಕೂ ಸಲ್ಯೂತ್ ಹೆಸರು ಕೊಟ್ಟಿದ್ದರು. ಮೇ 11ರಂದು ಮತ್ತೊಂದು ನಾಗರಿಕ ನಿಲ್ದಾಣ ಹಾರಿತು. ದಿಕ್ಕು ತಿಳಿಸುವ ಸಂವೇದಕದ ತಪ್ಪಿನಿಂದ ಅದು ತನ್ನ ಇಂಧನವನ್ನೆಲ್ಲ ಮೊದಲ ಸುತ್ತುಗಳಲ್ಲೇ ಉರಿಸಿಕೊಂಡಿತು. ಅದಕ್ಕೆ ‘ಕೊಸ್ಮೊಸ್-557’ ಎಂಬ ಸಾಮಾನ್ಯ ಉಪಗ್ರಹದ ಹೆಸರು ಕೊಟ್ಟು ಸುಮ್ಮನಾದರು. ನಾನು ಹೇಳಿದ, ಲೆಕ್ಕದಿಂದ ತೆಗೆದ ಎರಡು ಇವೇ: 1972ರದು ಮತ್ತು ಇದು.

ಅದಾದ ಮೂರನೇ ದಿನ, 1973ರ ಮೇ 14ರಂದು, ಅಮೆರಿಕದ ಸ್ಕೈಲ್ಯಾಬ್ ಹಾರಿತು. ಅದೂ ಹಾರುವಾಗಲೇ ಗಾಯಗೊಂಡಿತು. ಬಿಸಿಲು ತಡೆಯುವ ಹೊದಿಕೆ ಕಿತ್ತುಹೋಗಿ ಒಂದು ಸೌರಫಲಕವನ್ನೂ ಎಳೆದುಕೊಂಡು ಹೋಯಿತು. ಮೊದಲು ಹೋದ ತಂಡ ಕೊಡೆಯಂಥ ನೆರಳು ಬಿಚ್ಚಿ, ಸಿಕ್ಕಿಕೊಂಡಿದ್ದ ಇನ್ನೊಂದು ಫಲಕವನ್ನು ಬಿಡಿಸಿ ಅದನ್ನು ಉಳಿಸಿದ್ದು ಅದ್ಭುತ ಕೆಲಸ. ಮೂರು ತಂಡಗಳು 28, 59, 84 ದಿನ ಅಲ್ಲಿದ್ದವು. ಆದರೆ ಸ್ಕೈಲ್ಯಾಬ್‌ಗೂ ಇಂಧನ ತುಂಬಿಸುವ ದಾರಿಯಿರಲಿಲ್ಲ. 1974ರ ಫೆಬ್ರುವರಿಯ ನಂತರ ಖಾಲಿ ಬಿದ್ದಿದ್ದು, 1979ರ ಜುಲೈ 11ರಂದು ಆಸ್ಟ್ರೇಲಿಯಾದ ಪಶ್ಚಿಮ ಭಾಗದ ಮೇಲೆ ಚೂರುಚೂರಾಗಿ ಬಿತ್ತು. ಎಲ್ಲಿ ಬೀಳುತ್ತದೋ ಎಂದು ನಮ್ಮ ದೇಶದಲ್ಲೂ ಜನ ಹೆದರಿದ್ದು ನಿಮ್ಮ ವಯಸ್ಸಿನವರಿಗೆ ನೆನಪಿರಬೇಕು.

ಸಲ್ಯೂತ್-3 (1974) ಮತ್ತು 5 (1976) ಕೂಡ ಅಲ್ಮಾಜ್‌ಗಳೇ. ಮೂರನೆಯದರ ಮೇಲೆ ನಿಜವಾದ ಫಿರಂಗಿಯೊಂದನ್ನು ಕೂರಿಸಿದ್ದರು. ಯಾರೂ ಇಲ್ಲದಾಗ ನೆಲದಿಂದಲೇ ಅದನ್ನು ಹಾರಿಸಿ ನೋಡಿದರು. ಸಲ್ಯೂತ್-4 (1974ರ ಡಿಸೆಂಬರ್) ನಾಗರಿಕ ಮನೆತನದ್ದು, ನನಗೆ ಇಷ್ಟವಾದದ್ದು. ಅದರಲ್ಲಿ ಒಂದು ತಂಡ 30 ದಿನ, ಇನ್ನೊಂದು 63 ದಿನ ಇದ್ದವು. ಗಾಳಿಯಲ್ಲಿನ ಬೆವರು-ಉಸಿರಿನ ತೇವವನ್ನು ಹಿಡಿದು ಶುದ್ಧಮಾಡಿ ಮತ್ತೆ ನೀರಾಗಿಸುವ ಯಂತ್ರವನ್ನು ಮೊದಲು ಪರೀಕ್ಷಿಸಿದ್ದು ಅಲ್ಲಿ.

ಆದರೂ ಒಂದೇ ಬಾಗಿಲಿನ ಸಂಕಟ ಹಾಗೇ ಇತ್ತು. ಒಬ್ಬ ಮನುಷ್ಯನಿಗೆ ದಿನಕ್ಕೆ ಉಸಿರಾಡಲು ಬೇಕಾದ ಆಮ್ಲಜನಕವೇ ಸುಮಾರು 0.84 ಕೆ.ಜಿ. ಅದರ ಮೇಲೆ ಊಟ, ನೀರು, ಬಟ್ಟೆ, ಇಂಗಾಲದ ಡೈಆಕ್ಸೈಡ್ ಹೀರುವ ಡಬ್ಬಿಗಳು, ನಿಲ್ದಾಣವನ್ನು ಮೇಲೆತ್ತುವ ಇಂಧನ. ಇಬ್ಬರು ಆರು ತಿಂಗಳು ಇರಬೇಕೆಂದರೆ ಎಷ್ಟು ಟನ್ ಬೇಕಾಗಬಹುದೆಂದು ನಿಮ್ಮ ಮೊಮ್ಮಗಳಿಗೇ ಲೆಕ್ಕ ಹಾಕಲು ಹೇಳಿ. ಇದು ಸಾಲದು ಎಂಬಂತೆ ಸೊಯುಜ್ ನೌಕೆಯೂ ಕಕ್ಷೆಯಲ್ಲಿ ನಂಬಿಕೆಯಿಂದ ಉಳಿಯುವುದು ಸುಮಾರು ಮೂರು ತಿಂಗಳು. ಹೋದ ಗಾಡಿಯಲ್ಲೇ ಮರಳಬೇಕು ಎಂದಾದರೆ ಮೂರು ತಿಂಗಳಿಗಿಂತ ಹೆಚ್ಚು ಇರಲು ದಾರಿಯೇ ಇಲ್ಲ. ಒಬ್ಬರು ಒಳಗಿರುವಾಗ ಇನ್ನೊಬ್ಬರು ಬರುವಂತಾದರೆ ಎರಡೂ ತೊಡಕು ಒಮ್ಮೆಗೇ ಬಿಡಿಸಿಕೊಳ್ಳುತ್ತವೆ.

1977ರ ಸೆಪ್ಟೆಂಬರ್ 29ರಂದು ಹಾರಿದ ಸಲ್ಯೂತ್-6ರಲ್ಲಿ ಕೊನೆಗೂ ಆ ಕೆಲಸ ಮಾಡಿದ್ದರು. ನಡುಮಧ್ಯದಲ್ಲಿದ್ದ ಎಂಜಿನ್ ತೆಗೆದು, ಹಿಂಭಾಗದಲ್ಲಿ ಬಾಗಿಲಿನ ಪಕ್ಕಕ್ಕೆ ಎರಡು ಚಿಕ್ಕ ಎಂಜಿನ್ ಇಟ್ಟರು. ಮೊದಲು ದೊಡ್ಡ ಎಂಜಿನ್‌ಗೂ ದಿಕ್ಕು ತಿರುಗಿಸುವ ಪುಟಾಣಿ ಎಂಜಿನ್‌ಗಳಿಗೂ ಬೇರೆ ಬೇರೆ ವ್ಯವಸ್ಥೆ ಇತ್ತು. ಈಗ ಎಲ್ಲಕ್ಕೂ ಒಂದೇ ಇಂಧನ, ಒಂದೇ ಗುಂಪಿನ ಟ್ಯಾಂಕು. ಹಿಂದಿನ ಬಾಗಿಲಿನ ಅಂಚಿನಲ್ಲೇ ಇಂಧನದ ಕೊಳವೆಗಳ ಬಾಯಿ ಇಟ್ಟರು. ಬಾಹ್ಯಾಕಾಶ ನಿಲ್ದಾಣಗಳ ಚರಿತ್ರೆಯಲ್ಲಿ ಹೊರಗಿನವರ ಕಣ್ಣಿಗೆ ಬೀಳದ, ಆದರೆ ಎಲ್ಲಕ್ಕಿಂತ ದೊಡ್ಡ ಬದಲಾವಣೆ ಇದು ಎಂದು ನಾನು ನಂಬಿದ್ದೇನೆ.

ಶುರುವಿನಲ್ಲೇ ವಿಘ್ನ. ಅಕ್ಟೋಬರ್‌ನಲ್ಲಿ ಹೋದ ಸೊಯುಜ್-25 ಮುಂಬಾಗಿಲಿಗೆ ಸೇರಿಕೊಳ್ಳಲಾಗದೆ ವಾಪಸು ಬಂತು. ಆ ಇಬ್ಬರಿಗೂ ಅದು ಮೊದಲ ಹಾರಾಟ. ಇನ್ನು ಮುಂದೆ ತಂಡದಲ್ಲಿ ಒಬ್ಬರಾದರೂ ಅನುಭವಿ ಇರಲೇಬೇಕೆಂಬ ನಿಯಮ ಬಂದದ್ದು ಆಗ. ಕೆಟ್ಟದ್ದು ನೌಕೆಯೋ, ನಿಲ್ದಾಣದ ಬಾಗಿಲೋ ಗೊತ್ತಿಲ್ಲ. ಹಳೆಯ ಸಲ್ಯೂತ್ ಆಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಈಗ ಹಿಂದೆ ಇನ್ನೊಂದು ಬಾಗಿಲಿತ್ತು. ಡಿಸೆಂಬರ್‌ನಲ್ಲಿ ಯೂರಿ ರೊಮಾನೆಂಕೊ ಮತ್ತು ಗಿಯೊರ್ಗಿ ಗ್ರೆಚ್ಕೊ ಹಿತ್ತಿಲ ಕಡೆಯಿಂದ ಒಳಹೊಕ್ಕರು. ಡಿಸೆಂಬರ್ 20ರಂದು ಗ್ರೆಚ್ಕೊ ಬಾಹ್ಯಾಕಾಶ ಉಡುಪು ತೊಟ್ಟು ಮುಂಬಾಗಿಲಿನ ಆಚೆಗೆ ಹೋಗಿ ಲಾಳಿಕೆಯನ್ನು ಪರೀಕ್ಷಿಸಿದರು. ಗೀರು ಕೂಡ ಇರಲಿಲ್ಲ.

ಮುಂದಿನ ಆರು ವಾರಗಳಲ್ಲಿ ಆದದ್ದನ್ನು ದಿನಾಂಕಗಳ ಸಮೇತ ಹೇಳಬೇಕು. 1978ರ ಜನವರಿ 11ರಂದು ಸೊಯುಜ್-27 ಮುಂಬಾಗಿಲಿಗೆ ಬಂದು ಸೇರಿತು. ಮೂರು ನೌಕೆಗಳು ಒಂದೇ ಸಾಲಿನಲ್ಲಿ! ನೆಂಟರಾಗಿ ಬಂದ ವ್ಲಾದಿಮಿರ್ ಜಾನಿಬೆಕೊವ್ ಮತ್ತು ಒಲೆಗ್ ಮಕಾರೊವ್ ಐದು ದಿನ ಇದ್ದು, ತಮ್ಮ ಹೊಸ ನೌಕೆಯನ್ನು ಅಲ್ಲೇ ಬಿಟ್ಟು, ಮನೆಯವರ ಹಳೆಯ ನೌಕೆಯಲ್ಲಿ ಮರಳಿದರು. ಮನೆಯವರಿಗೆ ಹೊಸ ಗಾಡಿ ಸಿಕ್ಕಿತು, ಹಿತ್ತಿಲ ಬಾಗಿಲೂ ತೆರವಾಯಿತು. ಜನವರಿ 22ರಂದು ಅಲ್ಲಿಗೆ ಬಂದದ್ದು ಪ್ರೊಗ್ರೆಸ್-1. ಅದರಲ್ಲಿ ಮನುಷ್ಯರಿಲ್ಲ. ಸೊಯುಜ್‌ನಿಂದ ಆಸನ, ಶಾಖ ತಡೆಯುವ ಕವಚ, ಪ್ಯಾರಾಚೂಟ್ ಎಲ್ಲ ತೆಗೆದು ಮಾಡಿದ ಸಾಮಾನು ಗಾಡಿ ಅದು. ಏಳು ಟನ್ ತೂಕದ ಆ ನೌಕೆಯಲ್ಲಿ ಸುಮಾರು 2.3 ಟನ್ ಸರಕು, ಅದರಲ್ಲಿ ಒಂದು ಟನ್‌ನಷ್ಟು ಇಂಧನ.

ತೂಕವಿಲ್ಲದ ಕಡೆ ಇಂಧನ ತುಂಬುವುದು ಪೆಟ್ರೋಲ್ ಬಂಕಿನ ಕೆಲಸದಂತಲ್ಲ. ದ್ರವ ತಾನಾಗಿ ಕೆಳಗಿಳಿಯುವುದಿಲ್ಲ. ನಿಲ್ದಾಣದ ಟ್ಯಾಂಕುಗಳೊಳಗೆ ಹಾರ್ಮೋನಿಯಂ ತಿದಿಯಂತೆ ಮಡಚುವ ಲೋಹದ ಚೀಲವಿತ್ತು. ಅದರ ಒಂದು ಕಡೆ ಇಂಧನ, ಇನ್ನೊಂದು ಕಡೆ ಒತ್ತಿ ತಳ್ಳುವ ಸಾರಜನಕ. ತುಂಬಿಸಲು ಮೊದಲು ಆ ಸಾರಜನಕವನ್ನು ಕಂಪ್ರೆಸರ್‌ನಿಂದ ಎಳೆದು ಬಾಟಲಿಗಳಿಗೆ ವಾಪಸು ಸೇರಿಸಬೇಕು. ಕಂಪ್ರೆಸರ್ ತಿನ್ನುವ ವಿದ್ಯುತ್ ಬಹಳವಾದ್ದರಿಂದ ಇದೇ ಕೆಲಸಕ್ಕೆ ದಿನಗಟ್ಟಲೆ ಹಿಡಿಯುತ್ತದೆ. ಟ್ಯಾಂಕಿನಲ್ಲಿ ಒತ್ತಡ ಇಳಿದ ಮೇಲೆ ಪ್ರೊಗ್ರೆಸ್ ತನ್ನ ಒತ್ತಡದಿಂದ ಇಂಧನವನ್ನು ದಾಟಿಸುತ್ತದೆ. ಇಂಧನ ಒಂದು ಸಲ, ಅದನ್ನು ಉರಿಸುವ ಉತ್ಕರ್ಷಕ ಇನ್ನೊಂದು ಸಲ. ಎರಡೂ ತಾಗಿದರೆ ತಾವಾಗಿ ಹೊತ್ತಿಕೊಳ್ಳುವ ಜಾತಿಯವು, ಉಸಿರಿಗೆ ವಿಷ. ಫೆಬ್ರುವರಿ ಮೊದಲ ವಾರದಲ್ಲಿ ಇದೆಲ್ಲ ಸುಸೂತ್ರವಾಗಿ ಮುಗಿಯಿತು. ಖಾಲಿ ಪ್ರೊಗ್ರೆಸ್‌ಗೆ ಕಸ ತುಂಬಿಸಿ ಕಳಿಸಿದರು. ಪೆಸಿಫಿಕ್ ಮೇಲೆ ಉರಿದುಹೋಯಿತು. ರೊಮಾನೆಂಕೊ ಮತ್ತು ಗ್ರೆಚ್ಕೊ 96 ದಿನ ಇದ್ದು ಸ್ಕೈಲ್ಯಾಬ್‌ನ 84 ದಿನಗಳ ದಾಖಲೆ ದಾಟಿದರು. ಅದೇ ನಿಲ್ದಾಣದಲ್ಲಿ ಮುಂದೆ ಅದು 140, 175, 185 ದಿನಕ್ಕೇರಿತು. ಬುತ್ತಿಯ ಕಾಲ ಮುಗಿದಿತ್ತು.

ಮನೆಯವರು ಉಳಿಯುವಂತಾದಾಗ ನೆಂಟರೂ ಬಂದರು. 1978ರ ಮಾರ್ಚ್‌ನಲ್ಲಿ ಚೆಕೊಸ್ಲೊವಾಕಿಯದ ವ್ಲಾದಿಮಿರ್ ರೆಮೆಕ್ ಬಂದರು. ಸೋವಿಯತ್ತೂ ಅಲ್ಲದ, ಅಮೆರಿಕನ್ನೂ ಅಲ್ಲದ ಮೊದಲ ಗಗನಯಾತ್ರಿ ಅವರು. ನೌಕೆ ಬದಲಾಯಿಸಲು ಹೇಗಿದ್ದರೂ ಒಂದು ಚಿಕ್ಕ ತಂಡ ಬರಬೇಕು. ಅದರಲ್ಲೊಂದು ಆಸನವನ್ನು ಮಿತ್ರದೇಶಕ್ಕೆ ಕೊಡಬಹುದು. ರಾಕೇಶ್ ಶರ್ಮಾ ಅವರಿಗೆ ಆಸನ ದೊರೆತದ್ದೂ ಇದೇ ಏರ್ಪಾಡಿನ ಮುಂದುವರಿಕೆಯಾಗಿ.

ಹಿತ್ತಿಲ ಬಾಗಿಲು ಎಷ್ಟು ಮುಖ್ಯವಾಯಿತೆಂದರೆ, 1979ರ ಆಗಸ್ಟ್‌ನಲ್ಲಿ ಅದಕ್ಕೆ ಅಡ್ಡ ಬಂದದ್ದನ್ನು ತೆಗೆಯಲು ಒಬ್ಬರು ಪ್ರಾಣವನ್ನೇ ಪಣಕ್ಕಿಟ್ಟರು. ಪ್ರೊಗ್ರೆಸ್ ತಂದ ಹತ್ತು ಮೀಟರ್ ಅಗಲದ ಬಲೆಯಂಥ ರೇಡಿಯೋ ಆಂಟೆನಾವನ್ನು ಹಿಂದಿನ ಬಾಗಿಲಿನ ಆಚೆ ಬಿಚ್ಚಿದ್ದರು. ಕೆಲಸ ಮುಗಿದ ಮೇಲೆ ಕಳಚಿ ಎಸೆಯಲು ಹೋದಾಗ ಅದು ನಿಲ್ದಾಣದ ಹಿಂಭಾಗಕ್ಕೇ ಸಿಕ್ಕಿಕೊಂಡಿತು. ಹಾಗೇ ಬಿಟ್ಟರೆ ಇನ್ನು ಪ್ರೊಗ್ರೆಸ್ ಬರುವಂತಿಲ್ಲ, ನಿಲ್ದಾಣ ಸತ್ತಂತೆಯೇ. ಆರು ತಿಂಗಳ ತೂಕವಿಲ್ಲದ ವಾಸದಿಂದ ಮೈ ಸೊರಗಿದ್ದ ವಲೇರಿ ರ್ಯೂಮಿನ್, ಮನೆಗೆ ಮರಳಲು ನಾಲ್ಕು ದಿನವಿರುವಾಗ, ಹೊರಗೆ ನಿಲ್ದಾಣದ ಉದ್ದಕ್ಕೂ ಹಿಡಿದುಕೊಂಡು ಹೋಗಿ ತಂತಿಗಳನ್ನು ಕತ್ತರಿಸಿ ಆ ಬಲೆಯನ್ನು ಒದ್ದು ದೂರ ತಳ್ಳಿದರು. 1977ರಲ್ಲಿ ಮುಂಬಾಗಿಲಿಂದ ವಾಪಸಾದ ಸೊಯುಜ್-25ರ ಇಬ್ಬರಲ್ಲಿ ಒಬ್ಬರು ಇವರೇ.

ಸಲ್ಯೂತ್-7 ಹೊಸ ವಿನ್ಯಾಸವಲ್ಲ, ಸಲ್ಯೂತ್-6ರ ಜೊತೆಗೆ ಬದಲಿಗೆಂದು ಕಟ್ಟಿಟ್ಟಿದ್ದ ಅವಳಿ. 1982ರ ಏಪ್ರಿಲ್ 19ರಂದು, ಮೊದಲ ಸಲ್ಯೂತ್ ಹಾರಿದ ಹನ್ನೊಂದನೇ ವರ್ಷಕ್ಕೆ ಸರಿಯಾಗಿ ಹಾರಿತು. 1984ರ ಏಪ್ರಿಲ್ 3ರಂದು ರಾಕೇಶ್ ಶರ್ಮಾ, ಯೂರಿ ಮಲಿಶೆವ್ ಮತ್ತು ಗೆನ್ನಾದಿ ಸ್ತ್ರೆಕಾಲೊವ್ ಸೊಯುಜ್ ಟಿ-11ರಲ್ಲಿ ಹೊರಟರು. ಒಳಗೆ ಆಗಲೇ ಮೂವರಿದ್ದರು. ಒಟ್ಟು ಆರು ಜನ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ ಕಳಿಸಿದ ನಮ್ಮ ಊಟವೂ ಅಲ್ಲಿಗೆ ಹೋಗಿತ್ತು. ರಾಕೇಶ್ ಶರ್ಮಾ ಭಾರತದ ನೆಲದ ಚಿತ್ರ ತೆಗೆದರು, ತೂಕವಿಲ್ಲದ ಸ್ಥಿತಿಯಲ್ಲಿ ಯೋಗಾಸನಗಳ ಪರಿಣಾಮವನ್ನು ತಮ್ಮ ಮೈಮೇಲೇ ಪರೀಕ್ಷಿಸಿಕೊಂಡರು. ಏಪ್ರಿಲ್ 11ರಂದು ಮರಳಿದ್ದು ಸೊಯುಜ್ ಟಿ-10ರಲ್ಲಿ. ಹೋದದ್ದು ಒಂದರಲ್ಲಿ, ಬಂದದ್ದು ಇನ್ನೊಂದರಲ್ಲಿ. ಏಕೆ ಎಂದು ಈಗ ನೀವೇ ಮೊಮ್ಮಗಳಿಗೆ ಹೇಳಬಲ್ಲಿರಿ. ಮುಂದೆ ಅವರು ಎಚ್.ಎ.ಎಲ್.ನಲ್ಲಿ ಮುಖ್ಯ ಪರೀಕ್ಷಾ ಪೈಲಟ್ ಆಗಿ ಬೆಂಗಳೂರಿಗೂ ಬಂದರು.

ಅವರು ಅಲ್ಲಿದ್ದ ಆ ವಾರ ಸಲ್ಯೂತ್-7 ಗಾಯಗೊಂಡೇ ಇತ್ತು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲ. ಹಿಂದಿನ ಸೆಪ್ಟೆಂಬರ್‌ನಲ್ಲಿ ಪ್ರೊಗ್ರೆಸ್‌ನಿಂದ ತುಂಬಿಸುವಾಗ ಕೊಳವೆಯೊಂದು ಒಡೆದು ಉತ್ಕರ್ಷಕ ಸೋರಿತ್ತು. ಅತಿಥಿಗಳು ಹೋದ ಮೇಲೆ ಲಿಯೊನಿದ್ ಕಿಜಿಮ್ ಮತ್ತು ವ್ಲಾದಿಮಿರ್ ಸೊಲೊವ್ಯೊವ್ ಹಲವು ಸಲ ಹೊರಗಿಳಿದು ಕೊಳವೆ ಕೆಲಸ ಮಾಡಿ ಅದನ್ನು ಸರಿಪಡಿಸಿದರು. 1985ರ ಫೆಬ್ರುವರಿಯಲ್ಲಿ ಅದು ಮತ್ತೆ ಪೂರ್ತಿ ಮೂಕವಾಯಿತು. ಬ್ಯಾಟರಿ ತುಂಬಿದೆಯೆಂದು ತಪ್ಪು ಹೇಳುವ ಒಂದು ಸಂವೇದಕದಿಂದಾಗಿ ಬ್ಯಾಟರಿಗಳೆಲ್ಲ ಬರಿದಾಗಿದ್ದವು. ಜೂನ್‌ನಲ್ಲಿ ಜಾನಿಬೆಕೊವ್ ಮತ್ತು ವಿಕ್ತೊರ್ ಸವಿನಿಖ್ ಆ ಉತ್ತರವಿಲ್ಲದ, ನಿಧಾನವಾಗಿ ಉರುಳುತ್ತಿದ್ದ ನಿಲ್ದಾಣಕ್ಕೆ ಕೈಯಾರೆ ನೌಕೆ ನಡೆಸಿ ಸೇರಿಸಿದರು. ಒಳಗೆ ಗೋಡೆಗಳ ಮೇಲೆ ಮಂಜುಗಡ್ಡೆ, ನೀರೆಲ್ಲ ಹೆಪ್ಪುಗಟ್ಟಿತ್ತು. ಉಣ್ಣೆ ಟೋಪಿ ಹಾಕಿಕೊಂಡು ಕತ್ತಲಲ್ಲಿ ಕೆಲಸ ಮಾಡಿ, ಸೌರಫಲಕದ ತಂತಿಗಳನ್ನು ನೇರವಾಗಿ ಬ್ಯಾಟರಿಗಳಿಗೆ ಜೋಡಿಸಿ, ಅದನ್ನು ಮತ್ತೆ ಬದುಕಿಸಿದರು. “ಒಂದನ್ನೇ ರಿಪೇರಿ ಮಾಡಿ ಇಟ್ಕೊಳ್ಳಬಹುದಿತ್ತಲ್ಲ” ಎಂದಳಲ್ಲ ನಿಮ್ಮ ಮೊಮ್ಮಗಳು, ಅದನ್ನು ಮಾಡಿ ತೋರಿಸಿದವರು ಇವರು. ಸಲ್ಯೂತ್-7 ಬಿದ್ದದ್ದು 1991ರ ಫೆಬ್ರುವರಿಯಲ್ಲಿ, ಅರ್ಜೆಂಟೀನಾದ ಮೇಲೆ.

ಸಲ್ಯೂತ್-8 ಎಂಬುದು ಬರಲೇ ಇಲ್ಲ. ಅದೇ ಒಡಲಿಗೆ ಮುಂದೆ ಇನ್ನೂ ನಾಲ್ಕು ಬಾಗಿಲು ಸೇರಿಸಿ 1986ರಲ್ಲಿ ಹಾರಿಸಿದ್ದು ಮಿರ್. ಅದರ ಮುಂದಿನದು ಜ್ವೆಜ್ದಾ. ಅದು 2000ದ ಜುಲೈ 12ರಂದು ಹಾರಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಭಾಗವಾಯಿತು. ಅತಿ ದಪ್ಪನೆಯ ಭಾಗದ ವ್ಯಾಸ? ಅದೇ 4.15 ಮೀಟರ್. ಆ ನಿಲ್ದಾಣದ ಮೊಟ್ಟಮೊದಲ ಭಾಗ 1998ರ ನವೆಂಬರ್ 20ರಂದು ಹಾರಿತ್ತು. ಚೆಲೊಮೇಯ್ ಅವರು ಅಲ್ಮಾಜ್‌ಗಾಗಿ ಯೋಜಿಸಿದ್ದ ಸಾಮಾನು ನೌಕೆಯ ವಂಶದ್ದು ಅದು. ಅದಕ್ಕಿಟ್ಟ ಹೆಸರು ಜರ್ಯಾ.

ಜ್ವೆಜ್ದಾದ ಹಿಂಭಾಗದಲ್ಲಿ ಆ ಹಿತ್ತಿಲ ಬಾಗಿಲು ಈಗಲೂ ಇದೆ. ಪ್ರೊಗ್ರೆಸ್ ಈಗಲೂ ಅಲ್ಲಿಗೆ ಬರುತ್ತದೆ, ಇಂಧನ ತುಂಬುತ್ತದೆ, ಕಸ ಹೊತ್ತು ಹೋಗುತ್ತದೆ. ಆ ಬಾಗಿಲಿಗೆ ಹೋಗುವ ಕಿರಿದಾದ ಪಡಸಾಲೆಯಲ್ಲಿ ಕೂದಲೆಳೆಯಂಥ ಬಿರುಕುಗಳಾಗಿ 2019ರಿಂದ ಗಾಳಿ ಸೋರುತ್ತಿತ್ತು. 2025ರ ಜೂನ್‌ನಲ್ಲಿ ಅದಕ್ಕೆ ತೇಪೆ ಹಾಕಿದ ಮೇಲೆ ಒತ್ತಡದಲ್ಲಿ ಕಂಡ ಬದಲಾವಣೆಯನ್ನು ಪರಿಶೀಲಿಸಲೆಂದು ಒಂದು ಹಾರಾಟವನ್ನು ಮುಂದೂಡಿದರು. ಜೂನ್ 25ರಂದು ಅದು ಹೊರಟಾಗ ಅದರಲ್ಲಿದ್ದವರು ಶುಭಾಂಶು ಶುಕ್ಲಾ. ರಾಕೇಶ್ ಶರ್ಮಾ ಅವರ ನಂತರ ಕಕ್ಷೆಗೇರಿದ ಭಾರತದ ಎರಡನೇ ಗಗನಯಾತ್ರಿ.